ಅಮ್ಮನ ಕಂಪ್ಯೂಟರ್ ಹ್ಯಾಂಗ್ ಆದ ದಿನಗಳು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದು ಕಳೆದ ಪತ್ರದಲ್ಲಿ ನೀನು ಬರೆದಿದ್ದೆ. ಸರ್ವೆ ಕ್ಯಾಂಪಿನ ಚಳಿಯಲ್ಲಿ ಬೆಳ್ಳಂಬೆಳಗ್ಗೆ ಗುಡ್ಡ ಹತ್ತಿ ಅಳತೆ ತೆಗೆಯುವವಳಿಗೆ ಕೆಮ್ಮು ಬಿಡು ಎಂದರೆ ಎಲ್ಲಿ ಬಿಡುತ್ತದೆ? ಕಿವಿಗೆ ಬಟ್ಟೆ ಕಟ್ಟಿಕೋ. ಜೊತೆಯವರು ನಗುತ್ತಾರೆ ಎಂದು ಬಿಚ್ಚಿಡಬೇಡ. ನಗುವವರು ಅವರು, ಕೆಮ್ಮುವವಳು ನೀನು. ಅಮ್ಮ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದೆ ಓದುತ್ತಾ ನಿನ್ನ ಎದೆ ಡವಡವ ಎನ್ನಬಾರದು. ಊಟ ಮಾಡುತ್ತಾಳೆ, ನಿದ್ದೆ ಬರುತ್ತಿದೆ, ಗೋಡೆ ಹಿಡಿದುಕೊಂಡು ಬಾಲ್ಕನಿಯವರೆಗೂ ನಡೆಯುತ್ತಾಳೆ. ಬಲಗಾಲು ಮೊದಲಿನಷ್ಟು ಎಳೆಯುವುದಿಲ್ಲ. ನಾನೂ ಚೆನ್ನಾಗಿದ್ದೇನೆ, ಅಂದರೆ ಮೈ ಚೆನ್ನಾಗಿದೆ. ಮುಖವನ್ನು ಮಾತ್ರ ಕನ್ನಡಿಯಲ್ಲಿ ನೋಡಿಕೊಳ್ಳುವ ಹಾಗಿಲ್ಲ. ಅದು ಯಾಕೆಂದು ಹೇಳುವುದಕ್ಕೇ ಈ ಪತ್ರ. ನಿನ್ನ ಕ್ಯಾಂಪಿನಲ್ಲಿ ಫೋನ್ ಸಿಗ್ನಲ್ ಸಿಗದಿರುವುದು ಈ ಸಲ ನನಗೆ ಅನುಕೂಲವೇ ಆಯಿತು. ಬಾಯಲ್ಲಿ ಹೇಳಬೇಕಾಗಿದ್ದರೆ ಅರ್ಧಕ್ಕೇ ಬೇರೆ ಮಾತು ತೆಗೆದುಬಿಡುತ್ತಿದ್ದೆ.

ಹೊರಡುವ ದಿನ ಬಾಗಿಲಲ್ಲಿ ಶೂ ದಾರ ಬಿಗಿಯುತ್ತಾ ನೀನು ನನಗೆ ಹೇಳಿದ್ದು ಒಂದೇ ಮಾತು. "ಅಮ್ಮನ ಕಂಪ್ಯೂಟರ್ ಚೆನ್ನಾಗಿ ನಡೀತಿದೆ. ನಿನ್ನ ದಮ್ಮಯ್ಯ, ಅದಕ್ಕೆ ಕೈ ಹಾಕ್ಬೇಡ ಕಣೋ." ನಾನು "ಆಯ್ತು ಬಿಡಕ್ಕ" ಎಂದೆ. ಲಕ್ವ ಹೊಡೆದು ಅಮ್ಮನ ಮಾತೂ ಬಲಗೈಯೂ ಹೋದ ಮೇಲೆ ನೀನು ರಜೆ ಹಾಕಿ ಕೂತು ಅದನ್ನು ಅವಳಿಗಾಗಿ ಸಿದ್ಧಮಾಡಿದ್ದೆ. ಬಿಸ್ಕತ್ತಿನಷ್ಟು ದೊಡ್ಡ ಕೀಗಳ ಆ ಕೀಬೋರ್ಡು, ಅಗಲವಾದ ಪರದೆ, ಅಮ್ಮ ಎಡಗೈಯ ಒಂದೇ ಬೆರಳಿನಲ್ಲಿ ಒತ್ತಿದ್ದನ್ನು ಓದಿ ಹೇಳುವ ಸ್ಪೀಕರು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ಸಾವಿರಾರು ಜನರ ಪ್ರಶ್ನೆಗೆ ಉತ್ತರ ಕೊಟ್ಟವಳು ಆಸ್ಪತ್ರೆಯಿಂದ ಬಂದು ಗೋಡೆ ನೋಡುತ್ತಾ ಕೂತಿದ್ದಾಗ, ಅವಳಿಗೆ ಬಾಯಿ ಕೊಟ್ಟಿದ್ದು ಅದೊಂದೇ. ಇದೆಲ್ಲ ನಿನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ನಾನು ಕೈ ಹಾಕಿದ್ದು ಯಾವುದಕ್ಕೆ ಎಂದು ನನ್ನ ಕೈಯಿಂದಲೇ ಒಮ್ಮೆ ಬರೆಯಬೇಕು ಅನ್ನಿಸಿತು.

ಹೌದು, ಕೈ ಹಾಕಿದೆ. ನೀನು ಹೋಗಿ ತಿಂಗಳು ತುಂಬುವುದರೊಳಗೇ ಹಾಕಿದೆ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆ, ಹಾಕಿಕೊಳ್ಳಿ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ದಿನವೂ ಇಣುಕುತ್ತಿತ್ತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಟೈರ್ ಅಂಗಡಿಯಲ್ಲಿ ನನ್ನ ಕೆಲಸ ಬಿಲ್ಲಿಂಗ್ ಆದರೂ, ಅಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲು ಕರೆಯುವುದು ನನ್ನನ್ನೇ. ಮಾಲೀಕರಿಂದ ಹಿಡಿದು ಗಾಳಿ ತುಂಬುವವರ ತನಕ ಎಲ್ಲರ ಬಾಯಲ್ಲೂ ನಾನು "ಡಾಕ್ಟರ್". ಹೊರಗೆ ಡಾಕ್ಟರ್ ಎನ್ನಿಸಿಕೊಂಡವನು ಮನೆಯ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂರುವುದೆಂದರೇನು ಎಂಬ ಹಮ್ಮು. ಹೊಸದರಲ್ಲಿ ಓದಿ ಹೇಳುವ ಹೆಂಗಸಿನ ದನಿ ಚೆನ್ನಾಗಿದೆ ಎಂದು ಬೇರೆ ಕೇಳಿದ್ದೆ; ಹಳೆಯದು ನೆಗಡಿ ಹಿಡಿದ ಗಂಡಸಿನ ದನಿಯ ಹಾಗಿತ್ತಲ್ಲ. ಅಮ್ಮನಿಗೆ ಒಳ್ಳೆಯದೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನೂ ಒಪ್ಪಿದಳು. ಒಂದು ಶನಿವಾರ ಕೂತು ಹಾಕಿ ಮುಗಿಸಿದೆ. ದನಿ ನಿಜಕ್ಕೂ ಚೆನ್ನಾಗಿತ್ತು ಅಕ್ಕಾ. ಕೆಳಗಿನ ಮನೆಯ ಟೈಲರಮ್ಮ ಬಂದಾಗ ಅಮ್ಮ ನಿಧಾನಕ್ಕೆ ಒತ್ತಿ, "ನನಗೆ ಹೊಸ ಗಂಟಲು ಬಂದಿದೆ, ಅಳತೆ ತಗೊಳ್ಳಿ" ಎಂದು ಹೇಳಿಸಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅಡುಗೆಮನೆಯಲ್ಲಿ ನಿಂತು ಬೀಗಿದೆ.

ಆಮೇಲೆ ಶುರುವಾಯಿತು. ಅಮ್ಮ ಏನೋ ಹೇಳಲು ಹೊರಟಿರುತ್ತಾಳೆ, ಮಧ್ಯದಲ್ಲೇ ಕಂಪ್ಯೂಟರ್ ಹ್ಯಾಂಗ್. ಪರದೆ ಇದ್ದದ್ದು ಇದ್ದ ಹಾಗೇ ಕಲ್ಲಾಗಿಬಿಡುತ್ತಿತ್ತು. ಮೌಸ್ ಅಲ್ಲಾಡಿಸಿದರೂ ಬಾಣ ಕದಲುವುದಿಲ್ಲ, ಯಾವ ಕೀ ಒತ್ತಿದರೂ ಉಸಿರಿಲ್ಲ. ಪವರ್ ಬಟನ್ ಅದುಮಿ ಹಿಡಿದು ಆರಿಸಿ ಮತ್ತೆ ಹಾಕಬೇಕು. ಅಷ್ಟರಲ್ಲಿ ಅಮ್ಮ ಕಷ್ಟಪಟ್ಟು ಒತ್ತಿದ್ದ ಅರ್ಧ ವಾಕ್ಯ ನೀರುಪಾಲು. ಒಂದು ದಿನ ಏನೂ ಆಗುತ್ತಿರಲಿಲ್ಲ, ಮರುದಿನ ಮೇಲಿಂದ ಮೇಲೆ. ನಾನು ಡಾಕ್ಟರನಲ್ಲವೇ, ಚಿಕಿತ್ಸೆ ಆರಂಭಿಸಿದೆ. ಡಬ್ಬಿ ಬಿಚ್ಚಿ ಫ್ಯಾನಿನ ಧೂಳು ತೆಗೆದೆ. ರ‍್ಯಾಮ್ ಕಿತ್ತು ಒರೆಸಿ ಮತ್ತೆ ಕೂರಿಸಿದೆ. ಹಾರ್ಡ್ ಡಿಸ್ಕ್ ಪರೀಕ್ಷಿಸಿದೆ. ಗ್ರಾಫಿಕ್ಸ್ ಡ್ರೈವರ್ ತೆಗೆದು ಬೇರೆ ಹಾಕಿದೆ. ಪ್ರತಿಯೊಂದಾದ ಮೇಲೂ ಅಮ್ಮನ ಕುರ್ಚಿಯಲ್ಲಿ ಕೂತು ಟಪಟಪ ಟೈಪ್ ಮಾಡಿ ನೋಡುತ್ತಿದ್ದೆ. ಬೇಕಾದಷ್ಟು ಹೊತ್ತು ಮಾಡಿದರೂ ಏನೂ ಆಗುತ್ತಿರಲಿಲ್ಲ. "ನೋಡಮ್ಮ, ಸರಿಹೋಯ್ತು" ಎಂದು ಎದ್ದು ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬಂದರೆ ಅಮ್ಮ ಕಲ್ಲಾದ ಪರದೆಯ ಮುಂದೆ ಕೂತಿರುತ್ತಿದ್ದಳು.

ನನ್ನ ಕೈಯಲ್ಲಿ ಸರಿಯಾಗಿರುವುದು ಅವಳ ಕೈಯಲ್ಲಿ ಕೆಡುತ್ತದೆ ಎಂದರೆ ತಪ್ಪು ಯಾರದು? ನನ್ನ ಲೆಕ್ಕಾಚಾರ ಅಷ್ಟೇ ದೂರ ಹೋಯಿತು. ಎರಡು ಕೀ ಒಟ್ಟಿಗೆ ಅದುಮುತ್ತೀಯ ಎಂದೆ. ಬಲಗೈ ಮೇಜಿನ ಮೇಲೆ ಇಡಬೇಡ, ಅದು ಎಲ್ಲೋ ತಗಲುತ್ತೆ ಎಂದೆ. ಅಮ್ಮ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಒಂದು ದಿನ ನನ್ನ ಕಣ್ಣಿಗೆ ಬಿತ್ತು, ಅವಳು ಬೇಗ ಬೇಗ ಒತ್ತಿದಾಗ ಹ್ಯಾಂಗ್ ಆಗುವುದು ಕಡಿಮೆ. ಸರಿ, ಔಷಧಿ ಸಿಕ್ಕಿತು. "ಬೇಗ ಒತ್ತಮ್ಮ, ಯೋಚನೆ ಮಾಡ್ತಾ ಕೂತ್ರೆ ಹೀಗೇ ಆಗೋದು" ಎಂದು ಹಗಲೂ ರಾತ್ರಿ ಅದೇ ರಾಗ ಹಾಡಿದೆ. ಅವಳು ಹಾಗೇ ಮಾಡತೊಡಗಿದಳು. ಪದ ಹೊಳೆಯದಿದ್ದಾಗ ಸುಮ್ಮನಿರಲು ಹೆದರಿ, ಸಿಕ್ಕ ಕೀಯನ್ನೆಲ್ಲ ಒತ್ತುತ್ತಾ ಇರುತ್ತಿದ್ದಳು. ಪರದೆಯ ತುಂಬಾ ಅರ್ಥವಿಲ್ಲದ ಅಕ್ಷರಗಳು. ಆ ಚೆಂದದ ಹೊಸ ದನಿ ಅದನ್ನೆಲ್ಲ ಗಂಭೀರವಾಗಿ ಓದುತ್ತಿತ್ತು. ಒಮ್ಮೆ ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ತಲೆ ತಗ್ಗಿಸಿ ಮತ್ತೆ ಮೊದಲಿಂದ ಒತ್ತಿದಳು. ಆ ನಗುವನ್ನು ಈಗ ಎಲ್ಲಿಟ್ಟು ಮರೆಯಲಿ, ನೀನೇ ಹೇಳು.

ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಮೇಡಂ ಕಳೆದ ತಿಂಗಳ ಕೊನೆಯಲ್ಲಿ ಬಂದಿದ್ದಾಗ ಅಮ್ಮನ ಎಡಗೈ ಹಿಡಿದು ನೋಡಿ, "ಇದ್ಯಾಕೆ ಮಣಿಕಟ್ಟು ಇಷ್ಟು ಊದಿದೆ? ನೋವಿದ್ಯಾ?" ಎಂದರು. ನಾನು ಗಮನಿಸಿಯೇ ಇರಲಿಲ್ಲ. ಅಮ್ಮ ಉತ್ತರ ಹೇಳಲು ಕಂಪ್ಯೂಟರಿನ ಕಡೆ ತಿರುಗಿದಳು. "ಮೂರು ದಿನದಿಂದ" ಎಂದು ಒತ್ತಿ ಬೆರಳು ನಿಲ್ಲಿಸಿದಳು. ಹ್ಯಾಂಗ್. ನಾನು ಏನು ಹೇಳಿದೆ ಗೊತ್ತೇ? ಪರರ ಮುಂದೆ ಮರ್ಯಾದೆ ಉಳಿಸಿಕೊಳ್ಳುವವನ ಹಾಗೆ, "ಅದು ಸರಿಯಾಗೇ ಇದೆ ಮೇಡಂ, ಅವ್ರಿಗೇ ಒತ್ತೋಕೆ ಬರಲ್ಲ" ಎಂದೆ. ಅಮ್ಮ ಎದುರಿಗೇ ಇದ್ದಳು. ಮೇಡಂ ನನ್ನ ಕಡೆ ತಿರುಗಿ, "ಅವ್ರಿಗೆ ಚೆನ್ನಾಗೇ ಬರುತ್ತೆ, ನಾನೇ ನೋಡಿದ್ದೀನಿ. ಕೇಳಿದ್ದು ಅವ್ರನ್ನ, ನೀವು ಸ್ವಲ್ಪ ಸುಮ್ನಿರಿ" ಎಂದರು. ಆಮೇಲೆ ಹೌದು ಅಲ್ಲ ಎಂದು ತಲೆಯಾಡಿಸುವಂತೆ ಒಂದೊಂದೇ ಪ್ರಶ್ನೆ ಕೇಳಿ ತಿಳಿದುಕೊಂಡರು. ಒಂದೇ ಸಮನೆ ಅವಸರದಲ್ಲಿ ಒತ್ತಿ ಒತ್ತಿ ಊದಿಕೊಂಡಿದ್ದು ಅದು. ಇರುವುದೊಂದೇ ಒಳ್ಳೆಯ ಕೈ, ಅದನ್ನೂ ನಾನು ಕೆಡಿಸಿದ್ದೆ. ಪಟ್ಟಿ ಸುತ್ತಿ, ಒಂದು ವಾರ ಏನೂ ಒತ್ತಕೂಡದು ಎಂದು ಹೇಳಿ ಹೋದರು. ಅವರು ಹೋದ ಮೇಲೆ ಅಮ್ಮ ಟವಲ್ ಎಳೆದು ಕೀಬೋರ್ಡಿನ ಮೇಲೆ ಹೊದಿಸಿದಳು. ಸಿಟ್ಟಿನಿಂದಲ್ಲ. ಇನ್ನು ಬೇಡದ ಸಾಮಾನನ್ನು ಮುಚ್ಚಿಡುವ ಹಾಗೆ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವಾರ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ರಜೆಯ ದಿನ ಬೆಳಗ್ಗೆ ನಾನು ಟವಲ್ ತೆಗೆದು, ಇನ್ನೊಮ್ಮೆ ನೋಡೋಣ ಎಂದು ಕೂತು ಒಂದು ಸಾಲು ಟೈಪ್ ಮಾಡಿದ್ದೆನೋ ಇಲ್ಲವೋ, ಅಂಗಡಿಯಿಂದ ಫೋನ್ ಬಂತು. ಬಿಲ್ ಪ್ರಿಂಟ್ ಆಗುತ್ತಿಲ್ಲವಂತೆ, ಡಾಕ್ಟರ್ ಬೇಕಂತೆ. ಬಾಲ್ಕನಿಯಲ್ಲಿ ನಿಂತು ಅದನ್ನು ಮಾಡಿ ಇದನ್ನು ಮಾಡಿ ಎಂದು ಹೇಳಿ ಮುಗಿಸಿ ಬಂದರೆ, ಕಂಪ್ಯೂಟರ್ ಕಲ್ಲು. ಪರದೆಯ ಮೂಲೆಯ ಗಡಿಯಾರ ನಾನು ಎದ್ದು ಹೋದ ಹೊತ್ತಿನಲ್ಲೇ ನಿಂತಿತ್ತು. ಯಾರೂ ಏನೂ ಒತ್ತಿರಲಿಲ್ಲ. ಆರಿಸಿ ಹಾಕಿದೆ, ಈ ಸಲ ಬೇಕೆಂದೇ ಮುಟ್ಟದೆ ದೂರ ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಟೈಪ್ ಮಾಡುತ್ತಲೇ ಇದ್ದರೆ ಓಡುತ್ತದೆ, ಬಿಟ್ಟರೆ ಯಾವಾಗಲೋ ನಿಂತುಬಿಡುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಮ್ಮ ಹಾಗೇ ಗೋಳಾಡುವವರು ಬೇಕಾದಷ್ಟು ಜನ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಪ್ರೊಸೆಸರ್ ಸ್ವಲ್ಪ ತೂಕಡಿಸುತ್ತದೆ. ಹೊಸ ಸಿಸ್ಟಮ್ ಅದನ್ನು ತೂಕಡಿಸಲು ಬಿಡದೆ ಗಾಢ ನಿದ್ದೆಗೇ ನೂಕುತ್ತದೆ. ನಮ್ಮದರಂಥ ಹಳೆಯ ಪ್ರೊಸೆಸರಿಗೆ ಆ ನಿದ್ದೆಯಿಂದ ಕೆಲವು ಸಲ ಏಳಲು ಆಗುವುದಿಲ್ಲ. ಇಷ್ಟೇ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ ಆ ಗಾಢ ನಿದ್ದೆಯನ್ನು ಬಂದ್ ಮಾಡಿದರೆ ಸಾಕು.

ಓದಿ ಮುಗಿಸಿದಾಗ ನೆನಪಾಗಿದ್ದು ಅಮ್ಮನ ಬೆರಳು ಅಕ್ಕಾ. ಅಮ್ಮ ಹೇಗೆ ಮಾತಾಡುತ್ತಾಳೆ ಎಂದು ನನಗಿಂತ ಚೆನ್ನಾಗಿ ನೀನು ಬಲ್ಲೆ. ಒಂದು ಪದ ಒತ್ತುತ್ತಾಳೆ. ಆಮೇಲೆ ಬೆರಳನ್ನು ಗಾಳಿಯಲ್ಲೇ ಹಿಡಿದು, ತಲೆ ಒಂದಿಷ್ಟು ವಾಲಿಸಿ, ಮುಂದಿನ ಪದಕ್ಕಾಗಿ ಕಾಯುತ್ತಾಳೆ. ಅದು ಬರುವುದು ನಿಧಾನ, ಆದರೆ ಬಂದಾಗ ಸರಿಯಾದ ಪದವೇ ಬರುತ್ತದೆ. ಹಾಳಾದ್ದು ಆ ಹೊತ್ತಿನಲ್ಲೇ ನಿಲ್ಲುತ್ತಿದ್ದುದು. ನಾನು ಪರೀಕ್ಷೆ ಮಾಡುವಾಗ ಒಮ್ಮೆಯೂ ಸುಮ್ಮನೆ ಕೂತಿರಲಿಲ್ಲ. ಅವಳ ಹಾಗೆ ಒತ್ತಿ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಪಕ್ಕದಲ್ಲಿ ಕೂತು ಅವಳು ಒಂದು ವಾಕ್ಯ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ನೋಡಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ನಾನು ಯಾವತ್ತೂ ಅಷ್ಟು ಹೊತ್ತು ಕೂತಿಲ್ಲ. ಯಾವಾಗಲೂ ಅವಳ ವಾಕ್ಯವನ್ನು ನಾನೇ ಮುಗಿಸಿ, "ಅದೇ ತಾನೇ?" ಎಂದು ಎದ್ದು ಹೋಗುವವನು.

ಸೆಟ್ಟಿಂಗ್ ಬದಲಾಯಿಸಿ, ಆ ದಿನವೆಲ್ಲ ಮುಟ್ಟದೆ ಬಿಟ್ಟು ನೋಡಿದೆ. ನಿಲ್ಲಲಿಲ್ಲ. ಮರುದಿನವೂ ನಿಲ್ಲಲಿಲ್ಲ. ಮೊನ್ನೆ ಮೇಡಂ ಬಂದು ಪಟ್ಟಿ ಬಿಚ್ಚಿದರು, ಊತ ಇಳಿದಿದೆ, ನಿಧಾನವಾಗಿ ಒತ್ತಬಹುದು ಎಂದರು. ನಾನು ಅಮ್ಮನ ಮುಂದೆ ಕೂತು ಕಂಪ್ಯೂಟರಿಗೆ ಏನಾಗಿತ್ತೆಂದು ಎಲ್ಲ ವಿವರಿಸಿದೆ. ಕೇಳಿಸಿಕೊಂಡಳು. ಆ ಸಂಜೆ ನಾನು ಮನೆಗೆ ಬರುವಾಗ ಮೆಟ್ಟಿಲ ಮೇಲೇ ಆ ದನಿ ಕೇಳಿಸಿತು. ಟೈಲರಮ್ಮ ತೋಳು ಚಿಕ್ಕದಾಗಿ ಹೊಲಿದುಬಿಟ್ಟಿದ್ದಾರೆ ಎಂದು ಅಮ್ಮ ಆ ದನಿಯಿಂದ ಅವರನ್ನು ಬೈಸುತ್ತಿದ್ದಳು, ನಡುನಡುವೆ ಉದ್ದನೆಯ ಮೌನ ಬಿಟ್ಟು. ಬಾಗಿಲ ಹೊರಗೇ ನಿಂತು ಕೇಳಿದೆ. ಆದ್ದರಿಂದ ನೀನು ಗಾಬರಿಯಾಗಿ ರಜೆ ಹಾಕಿ ಓಡಿ ಬರಬೇಡ. ನನ್ನನ್ನು ಬೈಯುವುದಿದ್ದರೆ ಬೈದು ಬರಿ, ಅದಕ್ಕೆ ನಾನು ಅರ್ಹ. ಹಾಗೆಯೇ ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಅವರ ಕಂಪ್ಯೂಟರ್ ಕೆಟ್ಟರೆ ಮಾತ್ರ ನನ್ನ ಹೆಸರು ಹೇಳಬೇಡ. ಮೈ ನೋಡಿಕೋ.

ತಲೆ ತಗ್ಗಿಸಿರುವ
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಮೇಲಿನದಕ್ಕೆಲ್ಲ ಬೆಲೆಯಿಲ್ಲ. ಹೊಸದನ್ನು ಹಾಕಲು ಅಮ್ಮ ಒಪ್ಪಿದಳು ಎಂದೆನಲ್ಲ, ಒಪ್ಪುವ ಮೊದಲು "ಅಕ್ಕನ್ನ ಕೇಳಿದ್ಯಾ?" ಎಂದು ಒತ್ತಿದ್ದಳು. "ಕಾಗದ ಬರೆದು ಕೇಳ್ದೆ, ಹಾಕು ಅಂದ್ಲು" ಎಂದೆ. ನೀನು ಹೇಳಿ ಹಾಕಿಸಿದ್ದು ಕೆಡುವುದಿಲ್ಲ ಎಂದುಕೊಂಡೇ ಅವಳು ಅಷ್ಟು ದಿನ ತನ್ನ ಕೈಯನ್ನೇ ಶಪಿಸಿಕೊಂಡಿದ್ದು. ಮೊನ್ನೆ ಎಲ್ಲ ವಿವರಿಸಿದಾಗಲೂ ನಾನು ಹೇಳಿದ್ದು "ಕಂಪ್ಯೂಟರ್‌ದೇ ತಪ್ಪಮ್ಮ" ಎಂದು. ನನ್ನ ತಪ್ಪು ಎನ್ನಲಿಲ್ಲ. ಟೈಲರಮ್ಮನ ಜೊತೆ ಮಾತಾಡುತ್ತಾಳೆ, ಮೇಡಂ ಜೊತೆ ಮಾತಾಡುತ್ತಾಳೆ. ನಾನು ಒಳಗೆ ಕಾಲಿಟ್ಟರೆ ಬೆರಳು ಹಿಂದಕ್ಕೆ ತೆಗೆದುಕೊಂಡು ಬರೀ ತಲೆಯಾಡಿಸುತ್ತಾಳೆ. ಈಗ ಇದನ್ನು ಅಂಚೆ ಡಬ್ಬಿಗೆ ಹಾಕಿ ಬಂದು ಅವಳಿಗೆ ಎಲ್ಲ ಹೇಳುತ್ತೇನೆ. ಹಾಕಿದ ಮೇಲೆಯೇ ಹೇಳುತ್ತೇನೆ, ಆಗ ಹಿಂದೆ ಸರಿಯಲು ಆಗುವುದಿಲ್ಲ. ನೀನು ಅಮ್ಮನಿಗೆ ಬರೆಯುವಾಗ, ಇವನು ಹೇಳಿದನಾ ಎಂದು ಮರೆಯದೆ ಕೇಳು. ಉತ್ತರವನ್ನು ಅವಳೇ ಒತ್ತಲಿ. ಎಷ್ಟು ಹೊತ್ತಾದರೂ ಆಗಲಿ, ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ.