ಎಡಗಡೆ ಗುಂಡಿಯ ಕ್ಯಾಪ್ಟನ್

ಮಾರ್ಚ್ ೩, ಸೋಮವಾರ

ಇವತ್ತೂ ಲೇಬಲ್ ಅಂಟಿಸಿದ್ದೇ ಕೆಲಸ. ಬೆರಳೆಲ್ಲ ಗೋಂದು. ಭಾವ ಬಿಯರ್ ತಯಾರಿಸುವ ಶೆಡ್ಡಿನ ಆ ತುದಿಯಲ್ಲಿ ಟ್ಯಾಂಕಿಗೆ ಕಿವಿಯಿಟ್ಟು ನಿಂತಿದ್ದರು. ಬಿಯರ್ ಉಸಿರಾಡುತ್ತಂತೆ. ಅಕ್ಕನ ಮಾತಿಗೆ ಅಷ್ಟು ಕಿವಿ ಕೊಟ್ಟ ದಾಖಲೆ ಇತಿಹಾಸದಲ್ಲಿಲ್ಲ.

ಸಂಜೆ ಅಂಗಡಿಯಲ್ಲಿ ಗೂಢಚಾರಿಕೆ. ಭಾವನ ಲೇಬಲ್ಲು ಬಿಳಿ ಕಾಗದ, ಕಪ್ಪು ಅಕ್ಷರ — ಎಷ್ಟು ಕಹಿ, ಯಾವ ಮಾಲ್ಟು, ಯಾವ ಟ್ಯಾಂಕು. ಜನ ಕೈ ಚಾಚುತ್ತಾರೆ, ಪಕ್ಕದ ನರಿ ಚಿತ್ರದ ಬಾಟಲಿ ಎತ್ತಿಕೊಂಡು ಹೋಗುತ್ತಾರೆ. ಒಬ್ಬಾಕೆ ಮಾತ್ರ ನಮ್ಮದನ್ನು ಎತ್ತಿ, ತಿರುಗಿಸಿ ಓದಿ, ಗಂಡನನ್ನು ಕೇಳಿದಳು: "ಇದು ಕೆಮ್ಮಿಗೇನ್ರೀ?"

ಭಾವನಿಗೆ ವರದಿ ಒಪ್ಪಿಸಿದೆ.

"ಒಂದ್ಸಲ ಕುಡಿದು ನೋಡ್ಲಿ, ಆಮೇಲೆ ಮಾತಾಡ್ಲಿ" ಅಂದರು.

ಕುಡಿಯೋಕೆ ಮುಂಚೆ ಕೊಳ್ಳಬೇಕಲ್ಲ ಭಾವ... ಅನ್ನಲಿಲ್ಲ. ಈ ಬೇಸಿಗೆಯಲ್ಲೂ ಹೀಗೇ ಆದರೆ ಶೆಡ್ಡಿಗೆ ಬೀಗ ಹಾಕೋದೇ ಅಂತ ಅಕ್ಕ ಬೆಳಿಗ್ಗೆಯೇ ಹೇಳಿದ್ದಳು.

ಮಾರ್ಚ್ ೯

ಈ ದಿನ ಘನವಾದ ಅಪರಾಧವೊಂದನ್ನು ಎಸಗಿರುತ್ತೇನೆ.

ಅಜ್ಜ ಊಟ ಮುಗಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅಮ್ಮನ ಅಪ್ಪ, ನಿವೃತ್ತ ದರ್ಜಿ, ಬಿಯರ್ ವಾಸನೆಗೇ ಮೂಗು ಮುಚ್ಚುವವನು. ಆ ಬಿಳಿ ಗಡ್ಡ ನೋಡಿ ಕೈ ತುರಿಸಿತು. ಲೇಬಲ್ಲಿಗೆ ಅವನ ಚಿತ್ರ ಬರೆದೆ. ತಲೆಗೆ ಟೋಪಿ, ಮೈಗೆ ಹಡಗಿನ ಕ್ಯಾಪ್ಟನ್ ಕೋಟು, ಸುತ್ತ ಚಿನ್ನದ ಬಣ್ಣದ ಹಗ್ಗ. ಬಾಟಲಿಯ ಹಿಂದಕ್ಕೆ ಮೂರು ಸಾಲು, ಪರಮ ಗಾಂಭೀರ್ಯದಿಂದ:

ಹತ್ತೊಂಬತ್ತಕ್ಕೇ ಹಡಗು ಹತ್ತಿದ. ಸಮುದ್ರವನ್ನೇ ಮದುವೆಯಾದ. ಪೀಪಾಯಿಗೆ ತಲೆಯಿಟ್ಟು ಮಲಗಿ, ಬಿಯರಿನ ಗುಟ್ಟು ಕೇಳಿಸಿಕೊಂಡ.

ಒಂದು ಕ್ರೇಟಿಗೆ ಮಾತ್ರ ಅಂಟಿಸಿ, ನಾಳೆ ಅಂಗಡಿಗೆ ಹೋಗುವ ಲೋಡಿನಲ್ಲಿ ಅಡಗಿಸಿದ್ದೇನೆ. ಕ್ರೇಟು ಇಳಿಸುವಾಗ ಭಾವನ ಮುಖ ನೋಡಬೇಕು. ಅಷ್ಟೇ ಉದ್ದೇಶ. ದೇವರಾಣೆ.

ಮಾರ್ಚ್ ೧೨

ಭಾವನ ಮುಖ ನೋಡಲಾಗಲಿಲ್ಲ. ಅವರು ಗಮನಿಸಿ ವಾಪಸ್ ತರಲು ಓಡುವಷ್ಟರಲ್ಲಿ ಕ್ರೇಟು ಖಾಲಿ. ಅಂಗಡಿಯವನು ಫೋನು ಮಾಡಿ, ಆ ಮುದುಕಪ್ಪಂದು ಇನ್ನೂ ಕಳಿಸಿ ಅಂದ.

ಅದೇ ಟ್ಯಾಂಕು. ಅದೇ ಬಿಯರು. ಒಬ್ಬ ಗಿರಾಕಿ ಹೇಳಿದನಂತೆ — ಕೊನೇ ಗುಟುಕಲ್ಲಿ ಸಮುದ್ರದ ಉಪ್ಪು ಸಿಗುತ್ತೆ ಅಂತ.

"ನಾನು ಉಪ್ಪೇ ಹಾಕಿಲ್ಲ ಕಣೇ" ಅಂತಾರೆ ಭಾವ. ತಟ್ಟೆ ಮುಂದೆ ಕೂತು ಮತ್ತೆ ಅದೇ. "ಉಪ್ಪೇ ಹಾಕಿಲ್ಲ."

ಅಜ್ಜನಿಗೆ ಬಾಟಲಿ ತೋರಿಸಿದೆ. ಕನ್ನಡಕ ತೆಗೆದ, ಒರೆಸಿದ, ಹಾಕಿದ.

"ಏ ಕೋತಿ, ಗುಂಡಿ ಎಡಗಡೆ ಇಟ್ಟಿದ್ದೀಯಲ್ಲೇ! ಇದು ಹೆಂಗಸರ ಕೋಟು. ಇದನ್ನ ಹಾಕ್ಕೊಂಡು ಹಡಗು ಹತ್ತಿದ್ರೆ ಮೀನೂ ನಗುತ್ತೆ."

ನಕ್ಕೂ ನಕ್ಕೂ ಕೆಮ್ಮು ಬಂತು. "ನಿಮ್ಮಜ್ಜಿ ಇದ್ದಿದ್ರೆ ನಿನ್ನ ಕಿವಿ ಹಿಂಡಿರೋಳು" ಅಂದು, ಶುರು ಹಚ್ಚಿದ — ಅಜ್ಜಿ ಹರಿದ ತೋಳಿನ ಕೋಟು ಹಿಡಿದು ಅವನ ಅಂಗಡಿಗೆ ಬಂದ ಕಥೆ. ನಾಳೆ ಬನ್ನಿ, ನಾಳೆ ಬನ್ನಿ ಅಂತ ಇವನು ಸತಾಯಿಸಿದ್ದಕ್ಕೆ, ಕೊನೆಗೆ ಅವಳೇ "ಹೊಲಿಯೋಕೆ ಬರುತ್ತೋ ಇಲ್ಲವೋ" ಅಂತ ಬೈದ ಕಥೆ. ನನಗೆ ಬಾಯಿಪಾಠ. ಆಕಳಿಸಿದೆ.

ಏಪ್ರಿಲ್ ೧೯, ಶನಿವಾರ

ಈಗ ಎಲ್ಲಾ ಬಾಟಲಿಗೂ ಕ್ಯಾಪ್ಟನ್ನೇ. ಶೆಡ್ಡಿನ ಬೀಗದ ಮಾತು ನಿಂತಿದೆ. ಇಬ್ಬರು ಹೊಸ ಕೆಲಸದವರು. ನನಗೆ "ಕಲಾ ವಿಭಾಗದ ಮುಖ್ಯಸ್ಥೆ" ಎಂಬ ಬಿರುದು (ಗೋಂದು ಮಾತ್ರ ಹಾಗೇ ಇದೆ).

ಅಂಗಡಿ ಬಾಗಿಲಲ್ಲಿ ಆಳೆತ್ತರದ ರಟ್ಟಿನ ಅಜ್ಜ. ಪಕ್ಕದ ಕುರ್ಚಿಯಲ್ಲಿ ಶನಿವಾರ ಶನಿವಾರ ಅಸಲಿ ಅಜ್ಜ. ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಸೆಲ್ಯೂಟ್ ಹೊಡೆಯುತ್ತಾರೆ. ಅಜ್ಜನೂ ತಿರುಗಿ ಹೊಡೆಯುತ್ತಾನೆ. ಮನೆಯಲ್ಲಿ ಮಂಕಾಗಿರುವವನು ಅಲ್ಲಿ ಎದೆ ಸೆಟೆಸಿ ಕೂರುತ್ತಾನೆ.

ಜೂನ್ ೮

ಕನ್ನಡಕ ಎಲ್ಲಿ ಅಂದರೆ "ಹಡಗಲ್ಲೇ ಬಿಟ್ಟುಬಂದೆ" ಅಂದ. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನು.

ಅಜ್ಜ ನಗಲಿಲ್ಲ. ಯಾಕೆ ನಗ್ತಿದ್ದೀರಿ ಅಂತ ಒಬ್ಬೊಬ್ಬರ ಮುಖವನ್ನೇ ನೋಡಿದ.

ಜೂನ್ ೧೧

ಅಕ್ಕ, ಭಾವ ಅಜ್ಜನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದರು. ಮರೆವಿನ ಕಾಯಿಲೆ. ಇನ್ನೂ ಹೆಚ್ಚಾಗುತ್ತಂತೆ.

ಜೂನ್ ೨೨

ಅಜ್ಜ ರೂಮಿನ ಮೂಲೆಯ ತನ್ನ ಹೊಲಿಗೆ ಮಿಷನ್ ನೋಡಿ, "ಇದನ್ಯಾರು ಇಲ್ಲಿ ತಂದಿಟ್ಟೋರು? ಕಾಲಿಗೆ ಅಡ್ಡ" ಅಂದ.

ಅಕ್ಕ ಅಜ್ಜಿಯ ಫೋಟೋ ಮುಂದೆ ಹಿಡಿದಳು. "ಇವರು ಯಾರು ಹೇಳಜ್ಜ?"

"ಯಾರಮ್ಮ?"

"ನಿನ್ನ ಹೆಂಡ್ತಿ."

ಅಜ್ಜ ತುಂಬಾ ಮರ್ಯಾದೆಯಿಂದ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ ಹೇಳಿದ: "ಇಲ್ಲಮ್ಮ. ನಾನು ಸಮುದ್ರವನ್ನೇ ಮದುವೆಯಾದವನು."

ನನ್ನ ಸಾಲು. ಒಂದಕ್ಷರ ಆಚೀಚೆಯಿಲ್ಲ. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ತೊಳೆಯಲು ಪಾತ್ರೆ ಇರಲಿಲ್ಲ.

ಜುಲೈ ೧೧

ಬಹಳ ದಿನದಿಂದ ಬರೆದಿಲ್ಲ. ಬರೆದದ್ದೇ ಸಾಕಾಗಿತ್ತು.

ಇವತ್ತು ಊಟದ ಮೇಜಿನಲ್ಲಿ ಮಹಾಸಭೆ. ಲೇಬಲ್ ತೆಗೆಯೋಣ ಅಂದೆ. ಭಾವ ಅನ್ನ ಕಲಸುತ್ತಲೇ ಇದ್ದರು.

"ತೆಗೆದು ಏನು ಹಾಕ್ಲಿ? ಬಿಯರ್ ನಂದು ಕಣೇ, ಆದ್ರೆ ಜನ ಕೊಳ್ಳೋದು ಆ ಮುಖನ. ಕೆಲಸದೋರು ಇಬ್ಬರಿದ್ದಾರೆ. ಅವರಿಗೇನು ಹೇಳ್ಲಿ?"

ಅಕ್ಕ ಹೇಳಿದಳು: "ಡಾಕ್ಟರ್ ಅಂದ್ರಲ್ಲ, ಲೇಬಲ್ ಇರ್ಲಿ ಬಿಡ್ಲಿ, ಹೋಗೋ ನೆನಪು ಹೋಗ್ತಿತ್ತು. ನಿಂದೇನು ತಪ್ಪು?"

ಹೋಗುತ್ತಿತ್ತು, ಸರಿ. ಹೋದ ಜಾಗ ಖಾಲಿ ಇರುತ್ತಿತ್ತು. ಈಗ ಅಲ್ಲಿ ನನ್ನ ತಮಾಷೆ ಬಂದು ಕೂತಿದೆ.

ಕಾಡಿಬೇಡಿ ಒಂದು ಕ್ರೇಟು ಗಿಟ್ಟಿಸಿದೆ. ಹೊಸ ಲೇಬಲ್ ಬರೀತೀನಿ. ನಿಜದ್ದು. ಅದು ಓಡಿದರೆ ಕ್ಯಾಪ್ಟನ್ನನ್ನು ಇಳಿಸುತ್ತೇನೆ ಅಂದಿದ್ದಾರೆ ಭಾವ.

ಜುಲೈ ೧೮

ಹೊಸ ಲೇಬಲ್ ಮುಗಿಯಿತು. ಕುತ್ತಿಗೆಗೆ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ, ಕೈಯಲ್ಲಿ ಕತ್ತರಿ. ಅಂಗಡಿ ಬಾಗಿಲಲ್ಲಿ ಹರಿದ ತೋಳು ಹಿಡಿದು ನಿಂತ ಅಜ್ಜಿ, ಬೈಯಲು ರೆಡಿ. ಗುಂಡಿ ಬಲಗಡೆ. ಕನ್ನಡಿ ಮುಂದೆ ಭಾವನ ಕೋಟು ಹಾಕಿಕೊಂಡು ನಿಂತು ಖಾತ್ರಿ ಮಾಡಿಕೊಂಡೆ. ಬಾಟಲಿ ಹಿಂದಿನ ಸಾಲುಗಳಲ್ಲಿ ಒಂದೂ ಸುಳ್ಳಿಲ್ಲ. ಇಲ್ಲಿವರೆಗೆ ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ. ಮೊದಲ ಸಲ ತಮಾಷೆಗಲ್ಲದೆ ಬರೆದದ್ದು.

ಜುಲೈ ೧೯, ಶನಿವಾರ. ಮಧ್ಯಾಹ್ನ

ದರ್ಜಿ, ಕ್ಯಾಪ್ಟನ್ — ಅಕ್ಕಪಕ್ಕ, ಕಣ್ಣಿನ ಮಟ್ಟದ ಶೆಲ್ಫಿನಲ್ಲೇ ಇಡಿಸಿದೆ. ಚಿಪ್ಸ್ ಸ್ಟ್ಯಾಂಡಿನ ಹಿಂದೆ ಅಡಗಿ ನಿಂತೆ.

ಒಬ್ಬ ಬಂದ. ಕ್ಯಾಪ್ಟನ್. ಇಬ್ಬರು ಹುಡುಗಿಯರು — ದರ್ಜಿಯನ್ನು ಎತ್ತಿ "ಅಯ್ಯೋ, ಎಷ್ಟು ಮುದ್ದಾಗಿದೆ" ಅಂದರು. ಇಟ್ಟರು. ಕ್ಯಾಪ್ಟನ್. ಇನ್ನೊಬ್ಬ ಗೆಳೆಯನಿಗೆ, "ಇದೇನೋ, ಟೈಲರ್ ಅಂಗಡಿಯವ್ರು ಬಿಯರ್ ಮಾಡ್ತಾರಾ?" ಕ್ಯಾಪ್ಟನ್. ಬರೀ ಕ್ಯಾಪ್ಟನ್.

ಅಂಗಡಿಯವನು ಹತ್ತಿರ ಬಂದ. "ಚಿತ್ರ ಚೆನ್ನಾಗಿದೆ ತಂಗಿ. ಆದ್ರೆ... ನಿಜದ ಥರ ಇದೆ."

ಕೊನೆಗೆ ಅಜ್ಜನನ್ನೇ ಕುರ್ಚಿಯಿಂದ ಎಬ್ಬಿಸಿ ಕರೆತಂದೆ. ಎರಡೂ ಬಾಟಲಿ ಕೈಗಿತ್ತೆ. "ಯಾವುದು ಬೇಕಜ್ಜ?"

ದರ್ಜಿಯನ್ನು ನೋಡಿದ. ನೋಡುತ್ತಲೇ ಇದ್ದ. ಹೆಬ್ಬೆರಳು ಅಳತೆ ಟೇಪಿನ ಮೇಲೆ ಹೋಯಿತು, ಅಜ್ಜಿಯ ತೋಳಿನ ಮೇಲೆ ಹೋಯಿತು.

"ಪಾಪ" ಅಂದ. "ಈ ಕೆಲಸದಲ್ಲಿ ಕಣ್ಣು ಬೇಗ ಹಾಳಾಗುತ್ತೆ."

ಶೆಲ್ಫಿಗೆ ವಾಪಸ್ ಇಟ್ಟ. ಲೇಬಲ್ ಮುಂದೆ ಬರುವ ಹಾಗೆ ಸರಿಮಾಡಿಯೂ ಇಟ್ಟ. ಕ್ಯಾಪ್ಟನ್ನನ್ನು ಎದೆಗೆ ಒತ್ತಿಕೊಂಡ. "ಇದು ನಾನು."

"ಅಜ್ಜ, ಗುಂಡಿ ನೋಡು. ಗುಂಡಿ ಎಲ್ಲಿದೆ ನೋಡು."

ನೋಡಿದ. "ಚೆನ್ನಾಗಿ ಹೊಳೀತಿವೆ" ಅಂದ.

ಜುಲೈ ೨೧

ಭಾವ ದರ್ಜಿಯ ಕ್ರೇಟನ್ನು ಮನೆಗೆ ತಂದರು. ಒಂದು ಬಾಟಲಿ ತೆಗೆದು ಒಬ್ಬರೇ ಕುಡಿದರು. "ಇದೇ ಒಳ್ಳೇ ಬ್ಯಾಚು" ಅಂದರು.

ಆಗಸ್ಟ್ ೩, ಭಾನುವಾರ. ಊಟವಾದ ಮೇಲೆ

ಅಜ್ಜ ಮಲಗಿದ್ದಲ್ಲಿಂದ ಕರೆದ. "ಏ ಹುಡುಗಿ." ಕೋತಿ ಅನ್ನುವುದು ಹೋಗಿ ಹತ್ತು ದಿನವಾಯಿತೇನೋ.

ಹೋದೆ. ಅವನ ಕೈಯಲ್ಲಿ ಕ್ಯಾಪ್ಟನ್ನಿನ ಖಾಲಿ ಬಾಟಲಿ. ಹಿಂದೆ ತಿರುಗಿಸುತ್ತಿದ್ದ, ಮುಂದೆ ತಿರುಗಿಸುತ್ತಿದ್ದ.

"ಹಡಗು ಹತ್ತಿದೆ. ಪೀಪಾಯಿ ಮೇಲೆ ಮಲಗಿದೆ. ಆಮೇಲೆ? ಆಮೇಲೆ ಏನಾಯ್ತು ಅಂತ ನೆನಪೇ ಬರ್ತಿಲ್ವಲ್ಲಮ್ಮ. ಇಷ್ಟು ವಯಸ್ಸಾಗಿದೆ ನನಗೆ. ಇಷ್ಟೇನಾ ಆಗಿದ್ದು?"

ಮೂರೇ ಸಾಲು ಬರೆದಿದ್ದೆ ನಾನು. ಜಾಗವೂ ಅಷ್ಟೇ ಇತ್ತು.

ಕೂತು ಕಥೆ ಮುಂದುವರಿಸಿದೆ. ಬಿರುಗಾಳಿ ಎಬ್ಬಿಸಿದೆ. ಹಾಯಿ ಹರಿದೆ. "ಆ ಹಾಯಿ ಹೊಲಿದಿದ್ದು ನೀನೇ ಅಜ್ಜ" ಅಂದೆ. "ಹೌದಾ?" ಅಂದ, ಖುಷಿಯಾಗಿ. ನನಗೆ ಧೈರ್ಯ ಬಂತು. ಹಡಗನ್ನು ದಡಕ್ಕೆ ತಂದೆ.

"ಬಂದರಲ್ಲಿ ಒಬ್ಬಳು ನಿಂತಿದ್ದಳು ಅಜ್ಜ. ಸಿಡುಕಿ. ಕೋಟಿನ ತೋಳು ಹರಿದಿತ್ತು. ಹೊಲಿಯೋಕೆ ಬರುತ್ತೋ ಇಲ್ಲವೋ ಅಂತ ನಿನ್ನನ್ನೇ ಕೇಳಿದಳು. ಅವಳನ್ನ ಹಡಗಿಗೆ ಹತ್ತಿಸಿಕೊಂಡೆ ನೀನು—"

ಅಜ್ಜ ಕೈ ಅಡ್ಡ ಹಿಡಿದ.

"ಇಲ್ಲಮ್ಮ. ನನ್ನ ಹಡಗಿಗೆ ಹೆಂಗಸರನ್ನ ಹತ್ತಿಸಲ್ಲ" ಅಂದ, ಹೆಂಗಸರ ಕೋಟು ತೊಟ್ಟ ಕ್ಯಾಪ್ಟನ್. "ಮುಂದೆ ಹೇಳು."

"ಅಜ್ಜ, ಅವಳು—"

"ಮುಂದೆ ಹೇಳು ಹುಡುಗಿ."

ಹೇಳಿದೆ. ಇನ್ನೇನು ಮಾಡಲಿ. ಲಂಗರು ಎತ್ತಿಸಿದೆ. ಹಡಗು ಹೊರಟಿತು. ಅವಳು ದಡದಲ್ಲೇ, ಹರಿದ ತೋಳು ಹಿಡಿದುಕೊಂಡು, ದೂರದಲ್ಲಿ ಚಿಕ್ಕವಳಾಗುತ್ತಾ ಆಗುತ್ತಾ...