ಶೇಕಡಾ ಎಂಬತ್ತರ ಕೋಟು

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದ.

ಕಾಯಿಲೆಯಲ್ಲಿ ಸ್ವಲ್ಪ ಇಳಿದಿದ್ದೇನೆ, ಅರವತ್ತು ಕಿಲೋ ಇದ್ದವಳು ನಲವತ್ತೆಂಟಾಗಿದ್ದೇನೆ ಎಂದು ಬರೆದಿದ್ದೀಯ. ದರ್ಜಿಗೆ ಸ್ವಲ್ಪ ಎಂದರೆ ಅರ್ಧ ಇಂಚು, ತಾಯಿ. ಶಾಲೆ ಬಿಟ್ಟ ನನಗೆ ನೀನೇ ಕಲಿಸಿದ ಲೆಕ್ಕ ಹಾಕಿದೆ: ಅರವತ್ತಕ್ಕೆ ನಲವತ್ತೆಂಟಾದರೆ ನೂರಕ್ಕೆ ಎಷ್ಟು? ಎಂಬತ್ತು. ನಿನ್ನ ಹಳೆಯ ಅಳತೆಗಳನ್ನೆಲ್ಲ ಶೇಕಡಾ ಎಂಬತ್ತಕ್ಕೆ ಇಳಿಸಿ ಹೊಸ ಕೋಟು ಹೊಲಿದೆ.

ನಿನ್ನ ಅತ್ತಿಗೆ ಅದನ್ನು ಎತ್ತಿ ಹಿಡಿದು, "ಏನ್ರೀ, ಗೊಂಬೆಗೆ ಹೊಲಿದ್ರಾ? ಮೈ ಇಳಿದ್ರೆ ಕೈಯೂ ಗಿಡ್ಡ ಆಗುತ್ತಾ?" ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ ಅಷ್ಟೂ ಹೊಳೆಯಲಿಲ್ಲ ನೋಡು. ನಿನ್ನ ತೂಕ ಓದಿದ ಮೇಲೆ ತಲೆ ನೆಟ್ಟಗಿರಲಿಲ್ಲ.

ಈಗ ಕಳಿಸಿರುವುದು ಎರಡನೆಯ ಕೋಟು. ತೋಳು, ಭುಜ ಹಳೆಯ ಅಳತೆಯೇ. ಸುತ್ತಳತೆ ಮಾತ್ರ ಇಳಿಸಿದ್ದೇನೆ. ಎರಡೂ ಪಕ್ಕದ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಮಡಚಿ ಬಿಟ್ಟಿದ್ದೇನೆ. ಅಲ್ಲಿನ ಯಾವ ದರ್ಜಿಯೂ ಅದಕ್ಕೆ ಕೈ ಹಾಕಕೂಡದು. ಡಾಕ್ಟರು ಹೇಳಿದ್ದನ್ನು ಹೊತ್ತುಹೊತ್ತಿಗೆ ತಿನ್ನು. ಕೋಟು ಬಿಗಿಯಾದ ದಿನ ಒಂದು ಸಾಲು ಬರೆ. ನಾನೇ ಬಂದು ಹೊಲಿಗೆ ಬಿಚ್ಚಿಕೊಡುತ್ತೇನೆ.

ನಿನ್ನ ಅಣ್ಣ