ಬಡೋದೆಯ ದರ್ಬಾರಿನಲ್ಲಿ ‘ಯಾರಲ್ಲಿ?’

ಕೊಯಾಲಿ ಕಾಲೊನಿ, ೧೯-೧೧-೧೯೬೭, ಭಾನುವಾರ.

ಬೆಳಿಗ್ಗೆಯಿಂದ ಒಂದೇ ಕೊರಗು. ಬರುವ ಶನಿವಾರ ಇಲ್ಲಿನ ಕನ್ನಡಿಗರ ರಾಜ್ಯೋತ್ಸವ ನಾಟಕದಲ್ಲಿ ನಾನು ರಾಜ, ಮಗಳು ಸುಗುಣಾ ದೂತ. ಆದರೆ ಅವಳು ಒಲ್ಲೆನೆಂದು ಹಟ ಹಿಡಿದಿದ್ದಳು. ಗುಜರಾತಿ ಬೆರೆತ ತನ್ನ ಕನ್ನಡ ಕೇಳಿ ಎಲ್ಲರೂ ನಗುತ್ತಾರಂತೆ!

ನಮ್ಮ ರಿಫೈನರಿಯ ಸಾಹೇಬರು ಅನುಮತಿ ಕೊಡಿಸಿದ್ದರಿಂದ ಇಂದು ಇಬ್ಬರೂ ಬಡೋದೆಯ ಅರಮನೆಗೆ ಹೋದೆವು. ಆಹಾ, ಆ ದರ್ಬಾರ್ ಹಾಲ್! ಬಣ್ಣದ ಗಾಜಿನಿಂದಿಳಿದ ಬಿಸಿಲು, ಮುಖ ಕಾಣುವ ನೆಲ! ಇಷ್ಟು ವರ್ಷ ಪರದೆಯ ಮೇಲೆ ಬರೆದ ಅರಮನೆಯಲ್ಲಿ ತಗಡಿನ ಕಿರೀಟ ಹೊತ್ತು ಮೆರೆದವನು ನಾನು. ಬಾಗಿಲಲ್ಲೇ ಮೈಮರೆತು, ರಂಗ ಹತ್ತುವಾಗಿನಂತೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮಹಾರಾಜರ ಪರಮಭಕ್ತನೆಂದುಕೊಂಡನೋ ಏನೋ, ಕಾವಲುಗಾರ ಕರಗಿಹೋದ.

“ಆವೋ ಭಾಯಿ, ಆವೋ!” ಎಂದು ಒಳಗೆ ಕರೆದ.

“ಪಪ್ಪಾ, ಇಲ್ಲಿ ಕೂಗ್ಬೇಡಿ ಹಾಂ, ಪ್ಲೀಸ್!” ಎಂದಳು ಸುಗುಣಾ.

ಕೂಗದಿರುವುದುಂಟೇ!

“ಯಾರಲ್ಲಿ?”

ಸಭಾಂಗಣವೇ ತಿರುಗಿ ಗುಡುಗಿತು. ಕಾವಲುಗಾರ ಬೆಚ್ಚಿ ಓಡಿಬಂದ. ಈ ರಾಜ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಕಂಬದ ಮರೆಯಿಂದ ನನ್ನ ಸುಗುಣಾ ಬಂದು, ಮಂಡಿಯೂರಿ, ಒಂದಕ್ಷರವೂ ತಪ್ಪದೆ ನುಡಿದಳು:

“ಅಪ್ಪಣೆಯಾಗಲಿ, ಮಹಾಪ್ರಭು!”

ಕಾವಲುಗಾರ ಚಪ್ಪಾಳೆ ತಟ್ಟಿಬಿಟ್ಟ! ಒಂದು ಪದವೂ ತಿಳಿಯದೆ! ನನಗೆ ಕಣ್ಣೀರು.

ಬಸ್ಸಿನಲ್ಲಿ ಸುಗುಣಾ ಷರತ್ತು ಹಾಕಿದಳು: “ಶನಿವಾರ ನಾನು ಮಾಡ್ತೀನಿ. ಆದ್ರೆ ನೀವು ಸ್ವಲ್ಪ ಮೆಲ್ಲಗೆ ಕರೀಬೇಕು, ಪಪ್ಪಾ. ಇಲ್ದಿದ್ರೆ ನನ್ನ ಮಾತು ಯಾರಿಗೂ ಕೇಳ್ಸಲ್ಲ.”

ಮಾತು ಕೊಟ್ಟಿದ್ದೇನೆ. ಆದರೆ ‘ಯಾರಲ್ಲಿ’ಯನ್ನು ಮೆಲ್ಲಗೆ ಹೇಳುವುದಾದರೂ ಹೇಗೆ? ಈಗಷ್ಟೇ ಒಮ್ಮೆ ಹೇಳಿ ನೋಡಿದೆ. ಪಕ್ಕದ ಮನೆಯಲ್ಲಿ ದೀಪ ಹತ್ತಿತು...